ಒಂದು ಸೈಜು ದೊಡ್ಡದೇ ಇರಲಿ!

ತೆಂಗಿನ ಸೀಮೆಯ ಹೆಂಗಸಿಗೂ ಹಿಮದ ಮೇಲೆ ಜಾರುವವರ ಬೂಟಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ನನ್ನ ತವರು ಚಿಕ್ಕನಾಯಕನಹಳ್ಳಿ, ಸೇರಿದ ಮನೆ ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ, ಈಗ ಇರುವುದು ತಿಪಟೂರು. ಮದುವೆಯಾಗುವ ತನಕ ಬರಿಗಾಲಲ್ಲೇ ತೋಟ ಸುತ್ತಿದ ಪಾದ ನನ್ನದು. ಬೆರಳುಗಳು ಬೀಸಣಿಗೆಯ ಹಾಗೆ ಅಗಲಿಸಿಕೊಂಡಿವೆ. ಹವಾಯಿ ಚಪ್ಪಲಿ ಬಿಟ್ಟು ಬೇರೆ ಯಾವುದನ್ನೂ ಅವು ಒಪ್ಪುವುದಿಲ್ಲ.

ಮಗಳು ಅಳಿಯ ಕ್ಯಾಲಿಫೋರ್ನಿಯದಲ್ಲಿದ್ದಾರೆ. ಹೋದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂಬತ್ತು ವರ್ಷದ ಮೊಮ್ಮಗಳು ‘ಸ್ಕೀಯಿಂಗ್’ ಕಲಿಯಬೇಕೆಂದು ಹಟ ಹಿಡಿದಳು. ಕಾಲಿಗೆ ಉದ್ದನೆಯ ಎರಡು ಹಲಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ಸರಿ, ಕಾರಿನಲ್ಲಿ ನಾಲ್ಕು ಗಂಟೆ ಪ್ರಯಾಣ ಮಾಡಿ ಲೇಕ್ ಟಾಹೋ ಎಂಬಲ್ಲಿಗೆ ಹೋದೆವು. ಹಲಗೆ, ಬೂಟು ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ.

ಅಂಗಡಿಯಾಕೆ ಮಗುವಿನ ಪಾದವನ್ನು ಅಳತೆಯ ಮಣೆಯ ಮೇಲೆ ಇಡಿಸಿ, “ಇಪ್ಪತ್ತೊಂದೂವರೆ” ಅಂದಳು. ಈ ಬೂಟುಗಳಲ್ಲಿ ಸೈಜು ಎಂದರೆ ಸೆಂಟಿಮೀಟರ್ ಲೆಕ್ಕದಲ್ಲಿ ಪಾದದ ಉದ್ದವೇ ಅಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಒಂದು ಸೈಜು ದೊಡ್ಡದೇ ಇರಲಿ ಕಣೆ, ಬೆಳೆಯೋ ಕಾಲು. ಎರಡು ಜೊತೆ ಕಾಲುಚೀಲ ಹಾಕಿದ್ರಾಯ್ತು” ಅಂದುಬಿಟ್ಟೆ.

ಮಗಳು ಗಟ್ಟಿಯಾಗಿ ನಕ್ಕಳು. “ಅಮ್ಮ, ಎರಡೇ ದಿನಕ್ಕೆ ಬಾಡಿಗೆಗೆ ತಗೊಳ್ತಿರೋದು. ಎರಡು ದಿನದಲ್ಲಿ ಎಷ್ಟು ಬೆಳೆಯುತ್ತೆ?”

ನಾನೂ ನಕ್ಕೆ. ಆದರೆ ಅಂಗಡಿಯಾಕೆ ಮಾಡಿದ್ದನ್ನು ನೋಡಿ ನನ್ನ ನಗು ನಿಂತಿತು. ಆ ಬೂಟಿಗೆ ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಇನ್ನೊಂದು ಬೂಟು. ಆಕೆ ಒಳಗಿನದನ್ನು ಎಳೆದು ತೆಗೆದು, ಬರೀ ಚಿಪ್ಪಿನೊಳಗೆ ಮಗುವಿನ ಕಾಲು ಇಳಿಸಿ, ಬೆರಳು ಮುಂದಕ್ಕೆ ತಾಗುವಂತೆ ನಿಲ್ಲಿಸಿದಳು. ಆಮೇಲೆ ಹಿಮ್ಮಡಿಯ ಹಿಂದೆ ತನ್ನ ಬೆರಳು ತೂರಿಸಿ ನೋಡಿದಳು. ಅಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ಜಾಗ ಇದ್ದರೆ ಸರಿ, ಬಹಳ ಹೆಚ್ಚಾದರೆ ಬೂಟು ದೊಡ್ಡದು. ಒಳಬೂಟು ಸೇರಿಸಿ ಕೊಂಡಿ ಬಿಗಿದ ಮೇಲೆ, ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಗೆ ಮೆಲ್ಲಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಕಾಲುಚೀಲ ಒಂದೇ, ಅದೂ ತೆಳ್ಳಗಿನದು. ಎರಡು ಹಾಕಿದರೆ ಕಾಲು ಹಿಡಿದಂತಾಗಿ, ರಕ್ತ ಓಡಾಡದೆ ಚಳಿ ಇನ್ನೂ ಹೆಚ್ಚುತ್ತದಂತೆ.

“ಕಾಲು ತಿರುಗಿಸಿದ ಕಡೆಗೆ ಹಲಗೆ ತಿರುಗಬೇಕಲ್ಲಮ್ಮ, ಬೂಟಿನೊಳಗೆ ಕಾಲು ಅಲ್ಲಾಡಿದರೆ ಅದು ಮಾತು ಕೇಳಲ್ಲ” ಎಂದಳು ಮಗಳು. ಬೂಟನ್ನು ಹಲಗೆಗೆ ಕಚ್ಚಿಸುವ ಕೊಂಡಿಯೊಂದಿದೆ. ಬಿದ್ದಾಗ ಅದು ತಾನಾಗಿ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲು ತಿರುಚಿ ಪೆಟ್ಟಾಗುತ್ತದೆ. ತೂಕ, ಎತ್ತರ, ವಯಸ್ಸು, ಕಲಿತ ಮಟ್ಟ, ಬೂಟಿನ ತಳದ ಉದ್ದ ಎಲ್ಲವನ್ನೂ ನೋಡಿ ಅದನ್ನು ಹೊಂದಿಸುತ್ತಾರೆ.

ನಮ್ಮ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಸಂತೋಷ. ಬೂಟಿನ ಲೆಕ್ಕ ಇದಕ್ಕೆ ತದ್ವಿರುದ್ಧ!

ಹಾಗಂತ ಹೇಳಿದೆ. ಮಗಳು ನಗಲಿಲ್ಲ. ಮಗುವಿನ ಬೂಟಿನ ಕೊಂಡಿ ಹಾಕುತ್ತಾ, ತಲೆ ಎತ್ತದೆ ಕೇಳಿದಳು: “ಅಮ್ಮ, ನನ್ನ ಬಿಳೀ ಕ್ಯಾನ್ವಾಸ್ ಶೂ ನೆನಪಿದೆಯಾ?”

ನೆನಪಿಲ್ಲದೆ ಏನು? 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಆಮೇಲೆ ನಮ್ಮ ತೋಟಕ್ಕೂ ಬಂದು, ಕಾಯಿ ಸೊರಗಿ ಹೋದ ದಿನಗಳು. ಶೂ ಎರಡು ವರ್ಷವಾದರೂ ಬರಲಿ ಎಂದು ಎರಡು ಸೈಜು ದೊಡ್ಡದು ತಂದು, ಮೂತಿಗೆ ಹಳೇ ಪೇಪರ್ ತುರುಕಿ ಕೊಟ್ಟಿದ್ದೆ. ನಮ್ಮಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಅಂತರ ಅಂಗುಲದ ಮೂರನೇ ಒಂದು ಭಾಗ, ಎಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಎರಡು ಸೈಜು ಎಂದರೆ ಹತ್ತಿರ ಹತ್ತಿರ ಒಂದು ಮುಕ್ಕಾಲು ಸೆಂಟಿಮೀಟರ್! ಆಗ ಈ ಲೆಕ್ಕ ಯಾರು ಹಾಕಿದ್ದರು?

“ಸ್ಕೂಲಿನ ಓಟದಲ್ಲಿ ನಾನೇ ಮುಂದಿದ್ದೆ. ಎಡಗಾಲಿನ ಶೂ ಕಳಚಿ ಹಿಂದೆ ಬಿತ್ತು. ಒಳಗಿದ್ದ ಪೇಪರೂ ಹೊರಗೆ ಬಂತು. ಎಲ್ಲರೂ ನಕ್ಕರು. ಆಮೇಲೆ ನಾನು ಯಾವ ಓಟಕ್ಕೂ ಹೆಸರು ಕೊಡಲಿಲ್ಲ.”

ಅಂದು ಸಂಜೆ ಅವಳು ಕಾಲುನೋವು ಅಂದದ್ದು, ನಾನು ಎಣ್ಣೆ ಬಿಸಿ ಮಾಡಿ ತಿಕ್ಕಿದ್ದು ನೆನಪಾಯಿತು. “ನನಗೆ ಯಾಕೆ ಹೇಳಲಿಲ್ಲವೇ?” ಎಂದೆ.

“ಕೊಬ್ಬರಿ ದುಡ್ಡಲ್ಲಿ ನೀನು ಹಬ್ಬಕ್ಕೆ ಸೀರೆ ಬಿಟ್ಟು ಆ ಶೂ ತಂದಿದ್ದೆ. ಅದು ನನಗೆ ಗೊತ್ತಿತ್ತಮ್ಮ.”

ಆ ಮಾತಿಗೆ ಏನು ಉತ್ತರ ಕೊಡಲಿ? ಹಿಮದಲ್ಲಿ ಮೊಮ್ಮಗಳು ಎಷ್ಟೋ ಸಲ ಬಿದ್ದಳು, ಅಷ್ಟು ಸಲವೂ ಎದ್ದಳು. ಬೂಟು ಮಾತ್ರ ಕಾಲು ಬಿಡಲಿಲ್ಲ. ನಾನು ದೂರದಲ್ಲಿ ಶಾಲು ಹೊದ್ದು ಕೂತು, ಇಪ್ಪತ್ತೈದು ವರ್ಷದ ಹಿಂದಿನ ಓಟವನ್ನೇ ನೋಡುತ್ತಿದ್ದೆ.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಪಕ್ಕದ ಮನೆಯವರು, “ಹಿಮದ ಆಟ ನಮ್ಮ ಮಕ್ಕಳಿಗೆ ಯಾಕ್ರೀ?” ಎಂದರು. ಹಾಗನ್ನಬೇಡಿ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಹಿಮದ ಆಟದಲ್ಲಿ ಹೆಸರು ಮಾಡಿದ ಹೆಣ್ಣುಮಗಳು. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಳು. ಹಿಮದ ಮೇಲೆ ದೂರ ದೂರ ಸಾಗುವ ಬಗೆ ಅವಳದು. ಅದರ ಬೂಟು ಹಗುರ. ಹಗುರವಾದರೂ ಕಾಲಿಗೆ ಹೊಂದಬೇಕಾದ್ದು ಹೊಂದಲೇಬೇಕು.

ನಮ್ಮ ಮಕ್ಕಳಿಗೆ ಬೇಕಾದ್ದು ಸ್ಕೂಲ್ ಶೂ. ಅದಕ್ಕೂ ಇದೇ ಮಾತು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ಎರಡರಲ್ಲಿ ದೊಡ್ಡದರ ಅಳತೆ ಹಿಡಿಯಿರಿ. ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಸಾಕು. ನಡೆಸಿ ನೋಡಿ, ಹಿಮ್ಮಡಿ ಜಾರಬಾರದು. ಉದ್ದದ ಜೊತೆ ಅಗಲವನ್ನೂ ಗಮನಿಸಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮವರ ಪಾದ ಯೂರೋಪಿನವರದಕ್ಕಿಂತ ಅಗಲ ಎಂದು ಕಂಡುಕೊಂಡರು. ನಮಗೇ ಹೊಂದುವ ‘ಭಾ’ ಎಂಬ ಅಳತೆಯನ್ನೂ ರೂಪಿಸಿದರು. ನನ್ನ ಬೀಸಣಿಗೆ ಪಾದದ ತಪ್ಪೇನೂ ಇಲ್ಲ ಎಂದಾಯಿತು!

ಜೂನ್‌ನಲ್ಲಿ ಮಗನ ಮಗನಿಗೆ ಶೂ ಕೊಡಿಸಲು ಗೆರೆ ಎಳೆದ ಕಾಗದ ಹಿಡಿದು ಪೇಟೆಗೆ ಹೋದೆ. ಅಂಗಡಿಯವನು ವಾಡಿಕೆಯಂತೆ, “ಒಂದು ಸೈಜು ದೊಡ್ಡದು ಕೊಡ್ಲೇನಮ್ಮ? ಬೆಳೆಯೋ ಕಾಲು” ಅಂದ.

“ಬೇಡಪ್ಪ,” ಎಂದೆ. “ಬೆಳೆದಾಗ ಮತ್ತೆ ಬರ್ತೀವಿ. ಈಗ ಅವನು ಓಡೋ ಹಾಗಿರೋದು ಕೊಡು.”