ಹಳೆಯ ಹೊಲಿಗೆಯ ಯಂತ್ರ

ಅಟ್ಟದ ಮೂಲೆಯಲ್ಲಿ ಧೂಳು ಹಿಡಿದ ಹೊಲಿಗೆಯ ಯಂತ್ರವನ್ನು ಕೆಲವರು ಹಳೆಯ ಕಬ್ಬಿಣವೆಂದು ತೂಕಕ್ಕೆ ಹಾಕಿಬಿಡುತ್ತಾರೆ. ಅದನ್ನು ಬಳಸಬಲ್ಲವರು ಹಾಗೆ ಮಾಡಲಾರರು. ಅದರ ಅಂತರಂಗದಲ್ಲಿ ಗುಟ್ಟೇನೂ ಇಲ್ಲ. ಕೈಸೂಜಿಯ ಕಣ್ಣು ಬುಡದಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯಲ್ಲಿದೆ. ಸೂಜಿಯು ಮೇಲಿನ ದಾರವನ್ನು ಬಟ್ಟೆಯ ಕೆಳಗಿಳಿಸಿ ಕುಣಿಕೆ ಮಾಡುತ್ತದೆ. ದೋಣಿಯಾಕಾರದ ಪುಟ್ಟ ಲಾಳಿಯು ತನ್ನ ದಾರದೊಡನೆ ಅದರೊಳಗೆ ನುಸುಳುತ್ತದೆ. ಎರಡೂ ಬಿಗಿದುಕೊಂಡು ಒಂದು ಹೊಲಿಗೆಯಾಗುತ್ತದೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಇಂತಹ ಯಂತ್ರಕ್ಕೆ ಪೇಟೆಂಟು ಪಡೆದನು. 1851ರಲ್ಲಿ ಐಸಾಕ್ ಸಿಂಗರನು ತನ್ನ ಸುಧಾರಿತ ಯಂತ್ರಕ್ಕೆ ಪೇಟೆಂಟು ಪಡೆದನು. ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸಿದ ಗಾಂಧೀಜಿಯವರೂ 1924ರಲ್ಲಿ ಇದಕ್ಕೆ ವಿನಾಯಿತಿ ನೀಡಿದರು.

ಎರಡು ತೊಟ್ಟು ಎಣ್ಣೆ, ಒಂದು ಹೊಸ ಚರ್ಮದ ಪಟ್ಟಿ ದೊರೆತರೆ ನೂರು ವರ್ಷದ ಯಂತ್ರವೂ ಅನೇಕ ವೇಳೆ ಮತ್ತೆ ಟಕಟಕನೆ ನುಡಿಯುತ್ತದೆ. ಆಸರೆ ತಪ್ಪಿದ ಎಷ್ಟೋ ತಾಯಂದಿರು ಈ ಸದ್ದಿನ ಬಲದಿಂದಲೇ ಮಕ್ಕಳನ್ನು ಓದಿಸಿದರು. ಅಜ್ಜಿ ತುಳಿದ ಯಂತ್ರವನ್ನೇ ಮೊಮ್ಮಗಳೂ ತುಳಿದು ಹೊಲಿಯುವ ಮನೆಯಲ್ಲಿ ಆ ದುಡಿಮೆಯ ನೆನಪು ಮಾಸುವುದಿಲ್ಲ.