ಮುಂಬ್ರಾದ ಗುಡ್ಡವೂ ಒಲೆಯ ಸೌದೆಯೂ

ಠಾಣೆ, ಡೊಂಬಿವಲಿ, ಕಲ್ಯಾಣಗಳ ನಡುವೆ ದಿನವೂ ಓಡಾಡುವ ನಮ್ಮವರಿಗೆ ಮುಂಬ್ರಾ ಎಂದರೆ ಗಾಡಿಯ ಕಿಟಕಿಯಿಂದ ಕಾಣುವ ಒಂದು ಗುಡ್ಡ. ಒಂದು ಬದಿಗೆ ಖಾರಿಯ ನೀರು, ಇನ್ನೊಂದು ಬದಿಗೆ ಪಾರ್ಸಿಕ್ ಗುಡ್ಡ, ನಡುವೆ ರೈಲುಹಾದಿ. 1854ನೆಯ ಇಸವಿಯ ಮೇ 1ರಂದು ಠಾಣೆ-ಕಲ್ಯಾಣ ಹಾದಿ ತೆರೆದಾಗ ಗಾಡಿ ಈ ಗುಡ್ಡದ ಬುಡವನ್ನು ಬಳಸಿಕೊಂಡು ಹೋಗುತ್ತಿತ್ತು. 1916ರಲ್ಲಿ ಗುಡ್ಡದ ಹೊಟ್ಟೆಯನ್ನೇ ಕೊರೆದು ಸುಮಾರು 1.3 ಕಿಲೋಮೀಟರು ಉದ್ದದ ಸುರಂಗವನ್ನು ತೆರೆದರು. ಮೇಲೆ ಮುಂಬ್ರಾದೇವಿಯ ಗುಡಿ. ಕೆಳಗೆ ಮನೆಯ ಮೇಲೆ ಮನೆಯೇರಿದ ದಟ್ಟವಾದ ಪಟ್ಟಣ. ಆದರೆ ಈ ಗುಡ್ಡದ ವಿಚಾರ ನಾವು ಇಲ್ಲಿ ಬರೆಯುತ್ತಿರುವುದು ದೇವಿಯ ಸಲುವಾಗಿಯೂ ಅಲ್ಲ, ರೈಲಿನ ಸಲುವಾಗಿಯೂ ಅಲ್ಲ, ಸೌದೆಯ ಸಲುವಾಗಿ.

ನವರಾತ್ರಿ ಕಳೆದ ಮೇಲೆ ಒಂದು ಭಾನುವಾರ ನಾವು ನಾಲ್ಕಾರು ಸಂಸಾರದವರು ಮಕ್ಕಳನ್ನು ಕಟ್ಟಿಕೊಂಡು ಗುಡಿಯ ಮೆಟ್ಟಿಲು ಹತ್ತಿದೆವು. ಇಳಿಯುವಾಗ ಕಾಲುದಾರಿಯಲ್ಲಿ ಮೂವರು ಹೆಂಗಸರು ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದರು. ಈ ಹೊರೆಗೆ ಇಲ್ಲಿಯವರು 'ಮೋಳಿ' ಎನ್ನುತ್ತಾರೆ. ದಣಿವಾರಿಸಿಕೊಳ್ಳಲು ಅವರು ಹೊರೆ ಇಳಿಸಿದಾಗ ನಮ್ಮ ಪೈಕಿಯ ಒಬ್ಬ ಹಿರಿಯಾಕೆ ಮರಾಠಿಯಲ್ಲಿ ಕೇಳಿದರು: "ಮಾವಶಿ, ಮನೆಗೆ ಗ್ಯಾಸು ಬಂದಿಲ್ಲವೇ?" ಉತ್ತರ ಥಟ್ಟನೆ ಬಂತು: "ಸಿಲಿಂಡರು ಇದೆ ಬಾಯಿ, ತುಂಬಿಸುವುದಕ್ಕೆ ದುಡ್ಡು ಬೇಕಲ್ಲ!" ಹೊರೆಯನ್ನು ಮುಟ್ಟಿ ನೋಡಿದೆವು. ಅರ್ಧ ಒಣಗಿದ ಪುಳ್ಳೆ, ಅರ್ಧ ಹಸಿಗೊಂಬೆ. ಅಂದು ಸಂಜೆ ಆ ಮನೆಯಲ್ಲಿ ಎಷ್ಟು ಹೊಗೆ ಎದ್ದಿತೋ!

ಠಾಣೆ ಜಿಲ್ಲೆಯ ಕಾಡಿನ ಮರಗಳು ನಮಗೆ ಪರಕೀಯವಲ್ಲ. ಇಲ್ಲಿಯ ಐನ್ ನಮ್ಮ ಮತ್ತಿ; ಖೈರ್ ನಮ್ಮ ಕಗ್ಗಲಿ; ಧಾವಡಾ ನಮ್ಮ ದಿಂಡಿಗ; ಬಾಭೂಳ್ ನಮ್ಮ ಜಾಲಿ; ಪಳಸ್ ನಮ್ಮ ಮುತ್ತುಗ. ಹೆಸರು ಬೇರೆ, ಕೆಚ್ಚು ಒಂದೇ. ಗ್ಯಾಸು, ಸೀಮೆಎಣ್ಣೆ ಮನೆಮನೆಗೆ ಬರುವ ಮುಂಚೆ ಮುಂಬಯಿಯ ಒಲೆ-ಸಿಗಡಿಗಳಿಗೆ ಸೌದೆಯನ್ನೂ ಇದ್ದಲನ್ನೂ ಒದಗಿಸುತ್ತಿದ್ದುದು ಈ ಜಿಲ್ಲೆಯ ಕಾಡುಗಳೇ. ಖೈರಿನ ಕಾಚು ತೆಗೆಯುವುದೂ ಇದ್ದಲು ಸುಡುವುದೂ ಕಾತಕರಿ ಜನರ ಕಸುಬಾಗಿತ್ತು. ಕಾಚಿಗೆ ಮರಾಠಿಯಲ್ಲಿ 'ಕಾತ' ಎನ್ನುವುದರಿಂದಲೇ ಅವರಿಗೆ ಆ ಹೆಸರು. ಪೇಟೆಯ ವಖಾರಿಗಳಲ್ಲಿ ಸೌದೆ ಮಣದ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು.

ಆ ಸೌದೆಗಾಗಿ ಜಗಳವೂ ನಡೆದಿತ್ತು. ಸರಕಾರ ಕಾಡಿಗೆ ಬೇಲಿ ಹಾಕಿದಾಗ ಠಾಣೆ, ಕುಲಾಬಾ ಜಿಲ್ಲೆಗಳ ರೈತರ ಗೋಳನ್ನು ವಿಚಾರಿಸುವುದಕ್ಕೆಂದೇ ಮುಂಬಯಿ ಸರಕಾರ ಒಂದು ಆಯೋಗವನ್ನು ನೇಮಿಸಬೇಕಾಯಿತು; ಅದರ ವರದಿ 1887ರಲ್ಲಿ ಹೊರಬಂದಿತು. 1930ರ ಸೆಪ್ಟೆಂಬರ್ 25ರಂದು ಉರಣ ತಾಲೂಕಿನ ಚಿರನೇರಿನಲ್ಲಿ ಹಳ್ಳಿಗರು ಕೊಡಲಿ ಹಿಡಿದು ಜಂಗಲ್ ಸತ್ಯಾಗ್ರಹಕ್ಕೆ ಹೊರಟಾಗ ಗೋಳೀಬಾರು ನಡೆದು ಹಲವರು ಪ್ರಾಣ ತೆತ್ತರು. ಅದು ಇಂದಿನ ನವಿಮುಂಬಯಿಗೆ ಹತ್ತಿರದ ಊರೇ.

ನಮ್ಮ ಕಡೆ ಈ ತಂಟೆಗೆ ಬೇರೆ ಬೇರೆ ಪರಿಹಾರಗಳಿದ್ದವು. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗದ ಭೂಮಿಯಿಂದ ನೂರು ಗಜದೊಳಗಿನ ಸರಕಾರಿ ಜಾಗವನ್ನು ಕುಮ್ಕಿ ಎಂದು ಬಿಟ್ಟು, ಸೊಪ್ಪು-ಸೌದೆಗೆ ಅವಕಾಶ ಕೊಟ್ಟಿದ್ದರು. ಉತ್ತರ ಕನ್ನಡ ಆಗ ಠಾಣೆಯಂತೆ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಅಲ್ಲಿಯ ಕುಮಟಾ ತಾಲೂಕಿನ ಹಳಕಾರದಲ್ಲಿ 1924ರಲ್ಲಿ ಗ್ರಾಮ ಅರಣ್ಯ ಪಂಚಾಯತಿ ಹುಟ್ಟಿತು. ಊರವರೇ ಕಾವಲಿಟ್ಟು, ಊರವರೇ ನಿಯಮ ಮಾಡಿ, ತಮ್ಮ ಕಾಡನ್ನು ತಾವೇ ಕಾಯ್ದುಕೊಂಡು ಬಂದರು. ತನ್ನದೆಂಬ ಭಾವನೆಯಿದ್ದರೆ ಕೊಡಲಿಗೂ ಮಿತಿ ಇರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮಿತಿ ಇರಬೇಕಾದದ್ದು ಕಡಿಯುವುದರಲ್ಲಿ ಮಾತ್ರವಲ್ಲ. ಸೌದೆಯ ನಿಜವಾದ ಉಳಿತಾಯ ಇರುವುದು ಒಣಗಿಸುವುದರಲ್ಲಿ, ಕಾಪಿಡುವುದರಲ್ಲಿ. ಈ ಮಾತು ನಮ್ಮ ಅಜ್ಜ-ಅಜ್ಜಿಯರಿಗೆ ಯಾರೂ ಕಲಿಸದೆ ತಿಳಿದಿತ್ತು. ನಮ್ಮ ಮಕ್ಕಳಿಗೆ ತಿಳಿಯದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಈಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಹತ್ತು ಕಿಲೋ ಹಸಿ ಸೌದೆ ಎಂದರೆ ಐದು ಕಿಲೋ ಮರ, ಐದು ಕಿಲೋ ನೀರು. ಚೆನ್ನಾಗಿ ಗಾಳಿಗೆ ಒಣಗಿ, ತೂಕದಲ್ಲಿ ಐದರಲ್ಲೊಂದು ಪಾಲು ಮಾತ್ರ ನೀರು ಉಳಿದಾಗ ಅದೇ ಹೊರೆ ಆರೂಕಾಲು ಕಿಲೋಗೆ ಇಳಿಯುತ್ತದೆ. ಹಸಿಯಾಗಿಯೇ ಉರಿಸಿದರೆ, ಕುದಿಯುವ ಪ್ರತಿ ಕಿಲೋ ನೀರನ್ನು ಆವಿ ಮಾಡುವುದಕ್ಕೇ 540 ಕಿಲೋಕ್ಯಾಲೊರಿ ಶಾಖ ಬೇಕು. ಅನ್ನಕ್ಕೆ ಸಲ್ಲಬೇಕಾದ ಬೆಂಕಿ ಸೌದೆಯನ್ನೇ ಒಣಗಿಸುತ್ತಾ ಕೂರುತ್ತದೆ. ಅದಕ್ಕಿಂತಲೂ ದೊಡ್ಡ ನಷ್ಟ ಮತ್ತೊಂದಿದೆ. ನೀರಿನಿಂದ ಉರಿ ತಣ್ಣಗಾಗಿ, ಮರದಿಂದ ಹೊರಟ ಅನಿಲವೆಲ್ಲ ಹೊತ್ತದೆ ಹಾಗೆಯೇ ಹಾರಿಹೋಗುತ್ತದೆ. ನಾವು ಹೊಗೆ ಎಂದು ಬೈಯುವುದು ಇದನ್ನೇ. ಹೊಗೆ ಎಂದರೆ ಉರಿಯದೆ ಹೋದ ಸೌದೆ. ಕಣ್ಣು, ಶ್ವಾಸಕೋಶಗಳನ್ನು ಸುಡುವುದೂ ಅದೇ.

ಗಟ್ಟಿ ಮರವೇ ಏಕೆ ಬೇಕು? ಒಣಗಿದ ಮೇಲೆ ಕಿಲೋಗೆ ಕಿಲೋ ನೋಡಿದರೆ ಮತ್ತಿಯೂ ಬೂರುಗವೂ ಕೊಡುವ ಶಾಖದಲ್ಲಿ ಅಷ್ಟೇನೂ ಅಂತರವಿಲ್ಲ. ಆದರೆ ಮತ್ತಿ, ದಿಂಡಿಗ, ಜಾಲಿ, ಹುಣಸೆ, ಗಾಳಿಮರಗಳ ಒಂದು ಕೊರಡಿನಲ್ಲಿ ತುಂಬಿರುವ ತೂಕ ಬೂರುಗ, ಹಾಲುವಾಣಗಳ ಕೊರಡಿನಲ್ಲಿಲ್ಲ. ಗಟ್ಟಿ ಮರ ಬಹಳ ಹೊತ್ತು ಉರಿದು ಕೆಂಡವಾಗಿ ನಿಲ್ಲುತ್ತದೆ. ಮೆತ್ತನೆಯ ಮರ ಭಗ್ಗೆಂದು ಹೊತ್ತಿ ಬೂದಿಯಾಗುತ್ತದೆ. ಒಲೆ ಹೊತ್ತಿಸಲು ಅದು, ಹಂಡೆಯ ನೀರು ಕಾಯಿಸಲು ಇದು. ಕಾಡುಗೇರನ್ನು ಮಾತ್ರ ಒಲೆಯ ಹತ್ತಿರ ಸುಳಿಯಗೊಡಬಾರದು. ಅದರ ಸೊನೆ ಮೈ ಸುಟ್ಟು ಬೊಕ್ಕೆ ಎಬ್ಬಿಸುತ್ತದೆ.

ಕಡಿಯುವ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಮಳೆ ನಿಂತು ಒಣಗಾಳಿ ಬೀಸುವ ದಿನಗಳವು. ಮುಂದೆ ಬೇಸಗೆಯ ಬಿಸಿಲೆಲ್ಲ ಸೌದೆಗೆ ಸಿಗುತ್ತದೆ. ಸೀಳುವುದನ್ನು ತಡಮಾಡಬಾರದು. ಹಸಿ ಇರುವಾಗ ಕೊಡಲಿಗೂ ಬೆಣೆಗೂ ಬಗ್ಗುವ ಮರ, ಒಣಗಿದ ಮೇಲೆ ಕೊಡಲಿಯನ್ನೇ ಹಿಂದಕ್ಕೆ ಎಸೆಯುತ್ತದೆ. ತೊಗಟೆಯೊಳಗಿನ ನೀರು ಹೊರಬೀಳುವುದು ಸೀಳಿದ ಮೈಯಿಂದಲೇ. ಗಂಟಿರುವ ಬುಡವನ್ನು ಸೀಳಲು ಹೋಗಿ ಬೆವರು ಸುರಿಸಬೇಕಿಲ್ಲ. ಅದು ಬಚ್ಚಲ ಒಲೆಗೆ ಇಡಿಯಾಗಿಯೇ ಸಲ್ಲುತ್ತದೆ.

ಇನ್ನು ಒಟ್ಟುವ ಕ್ರಮ. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ; ಆದುದರಿಂದ ಕೆಳಗೆ ಕಲ್ಲಿಟ್ಟು ಒಂದು ಗೇಣು ಎತ್ತರಿಸಬೇಕು. ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ, ನಡುವೆ ಗಾಳಿಯಾಡುವಷ್ಟು ಸಂದು. ತಲೆಯ ಮೇಲೆ ಮಡಲೋ ತಗಡೋ ಇರಲಿ, ಬದಿಗಳು ತೆರೆದಿರಲಿ. ಈಗಿನವರು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಲೂ ಮುಚ್ಚಿಬಿಡುತ್ತಾರೆ. ಒಳಗೆ ಸೌದೆ ಬೆವರಿ ಬೂಷ್ಟು ಹಿಡಿಯುತ್ತದೆ. ಜೂನ್ ಮೊದಲ ವಾರ ಮುಗಿದು ಮಿರಗದ ಮಳೆ ಕೂಡುವ ಮುಂಚೆ ಎಲ್ಲವೂ ಕೊಟ್ಟಿಗೆಯ ಅಟ್ಟ ಸೇರಿರಬೇಕು. ಹಳೆಯದನ್ನು ಮೊದಲು ತೆಗೆಯಬೇಕು. ಕೈ ಹಾಕುವ ಮೊದಲು ಕೋಲಿನಿಂದ ಬಡಿಯಬೇಕು, ಚೇಳು-ಹಾವುಗಳಿಗೂ ಅದು ಮೆಚ್ಚಿನ ಜಾಗ. ಒಣಗಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಡ. ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಎರಡು ತುಂಡುಗಳನ್ನು ತಾಕಿಸಿದರೆ ಠಣ್ ಎನ್ನುತ್ತದೆ. ಹಸಿಯದು ದೊಪ್ ಎನ್ನುತ್ತದೆ.

ಸೌದೆ ಒಣಗಿದರೂ ಒಲೆ ಸರಿಯಿರಬೇಕು. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಗೇ ಹೋಗುತ್ತದೆ. ನೂರರಲ್ಲಿ ಹತ್ತು-ಹದಿನೈದು ಪಾಲು ಪಾತ್ರೆಗೆ ಮುಟ್ಟಿದರೆ ಪುಣ್ಯ. ಇದನ್ನು ತಿದ್ದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಹೊಗೆಕೊಳವೆಯ ಒಲೆಯನ್ನು ರೂಪಿಸಿತು. ನಮ್ಮ ಹಳ್ಳಿಗಳಲ್ಲಿ ಅದು ಅಸ್ತ್ರ ಒಲೆ ಎಂದೇ ಹೆಸರಾಯಿತು.

ಸೌದೆಯ ಕಾಲ ಮುಗಿಯಿತಲ್ಲ ಎನ್ನಬಹುದು. 2016ರಲ್ಲಿ ಉಜ್ವಲಾ ಯೋಜನೆ ಬಂದು ಬಡಮನೆಗಳಿಗೂ ಸಿಲಿಂಡರು ಸೇರಿತು. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸೌದೆ-ಇದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಇಂಧನಕ್ಕೋ ಬದಲಾಗಬೇಕೆಂದು ಆಜ್ಞೆ ಮಾಡಿತು. ನಗರದ ಗಾಳಿಗೆ ಇದು ಒಳ್ಳೆಯದೇ. ಆದರೆ ತುಂಬಿಸಲು ದುಡ್ಡಿಲ್ಲದ ಮನೆಯ ಸಿಲಿಂಡರು ಮೂಲೆಯಲ್ಲಿದ್ದರೆ ಆ ಮನೆಯ ಹೆಂಗಸು ಗುಡ್ಡವನ್ನೇ ಹತ್ತುತ್ತಾಳೆ. ಮುಂಬ್ರಾದ ಬೈಪಾಸ್ ರಸ್ತೆಯ ಮೇಲೆ ಮಳೆಗಾಲದಲ್ಲಿ ಗುಡ್ಡ ಜರಿಯುವ ಸುದ್ದಿ ನಾವೆಲ್ಲ ಓದಿದ್ದೇವೆ. ಮಣ್ಣನ್ನು ಹಿಡಿದಿಡುವುದು ಬೇರು. ಹಸಿಗೊಂಬೆಯ ಪ್ರತಿ ಹೊರೆಯಲ್ಲೂ ಆಕೆಯ ಕಣ್ಣೂ ಗುಡ್ಡದ ಬೇರೂ ಒಟ್ಟಿಗೇ ಸವೆಯುತ್ತವೆ. ಅದೇ ಹೊರೆ ಒಣಗಿದ್ದಾಗಿದ್ದರೆ ವಾರಕ್ಕೊಂದು ಸಲವಾದರೂ ಗುಡ್ಡ ಹತ್ತುವುದು ತಪ್ಪೀತು.

ಮೇ ತಿಂಗಳ ರಜೆಯಲ್ಲಿ ನಮ್ಮಲ್ಲಿ ಅನೇಕರು ಊರಿಗೆ ಹೋಗುತ್ತೇವೆ. ಸೌದೆಯನ್ನು ಅಟ್ಟಕ್ಕೆ ಏರಿಸುವ ಕಾಲವೂ ಅದೇ. ಮಾವಿನ ಹಣ್ಣು ತಿಂದು ಜಗಲಿಯಲ್ಲಿ ಕೂರುವ ಮಕ್ಕಳನ್ನು ಒಂದು ದಿನ ಹಿತ್ತಲಿಗೆ ಕಳುಹಿಸಿರಿ. ಎರಡು ತುಂಡು ತಾಕಿಸಿ ಸದ್ದು ಕೇಳಲಿ. ಇದು ಮತ್ತಿ, ಇದು ಜಾಲಿ ಎಂದು ಅಜ್ಜಿಯ ಬಾಯಿಂದಲೇ ತಿಳಿಯಲಿ. ಹತ್ತು ತುಂಡು ಹೊತ್ತು ಅಟ್ಟಕ್ಕೆ ಏರಿಸಿದ ಮಗು ಹನ್ನೊಂದನೆಯದನ್ನು ಸುಮ್ಮನೆ ಉರಿಸಲಾರದು.