ನಾಲ್ಕು ಊರು, ಒಂದು ಒಲೆ

ಬೆಂಗಳೂರಿನಿಂದ ಹೈದರಾಬಾದ್ ರಸ್ತೆ ಹಿಡಿದು ದೇವನಹಳ್ಳಿ ದಾಟಿದರೆ ಎಡಗಡೆಗೆ ನಂದಿಬೆಟ್ಟ ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ಚಿಕ್ಕಬಳ್ಳಾಪುರ. ಬೆಟ್ಟಕ್ಕೆ ಬರುವ ಪ್ರವಾಸಿಗರು ನಸುಕಿನ ಮಂಜು ನೋಡಿ, ಬೋಂಡ ತಿಂದು, ಬಿಸಿಲೇರುವ ಮೊದಲೇ ಇಳಿದು ಹೋಗುತ್ತಾರೆ. ಬೆಟ್ಟದ ಬುಡದ ಹಳ್ಳಿಗಳಲ್ಲಿ ಅದೇ ಹೊತ್ತಿಗೆ ಹೆಂಚುಗಳ ಸಂದಿನಿಂದ ಇನ್ನೊಂದು ತೆರೆ ಮೇಲೇಳುತ್ತದೆ. ಅದು ಸೌದೆ ಒಲೆಯ ಹೊಗೆ.

ಗ್ಯಾಸ್ ಬಂದ ಮೇಲೂ ಒಲೆ ಉಳಿದಿದೆಯೇ ಎಂದು ಪೇಟೆಯವರು ಕೇಳಬಹುದು. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಹಳ್ಳಿಯ ಬಹಳ ಮನೆಗಳಿಗೆ ಸಿಲಿಂಡರ್ ಬಂದಿದೆ ನಿಜ. ಆದರೆ ಬಚ್ಚಲ ಹಂಡೆಗೆ ನೀರು ಕಾಯಬೇಕು, ನಾಲ್ಕಾರು ಮಂದಿಗೆ ಮುದ್ದೆ ತೊಳಸಬೇಕು, ಹಬ್ಬಕ್ಕೆ ಒಬ್ಬಟ್ಟು ಬೇಯಬೇಕು. ಇಷ್ಟಕ್ಕೆಲ್ಲ ಸಿಲಿಂಡರ್ ಸವೆಸುವ ಧೈರ್ಯ ಎಲ್ಲ ಮನೆಗೂ ಇರುವುದಿಲ್ಲ. ಗ್ಯಾಸಿನ ಪಕ್ಕದಲ್ಲೇ ಸೌದೆ ಒಲೆಯೂ ಉರಿಯುತ್ತಿರುತ್ತದೆ.

ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತೇವೆ. ಕೊಳವೆಬಾವಿಯ ಮೋಟಾರು ಸುಟ್ಟರೆ ಅದೇ ದಿನ ರಿಪೇರಿಗೆ ಒಯ್ಯುತ್ತೇವೆ. ದಿನಕ್ಕೆರಡು ಸಲ ಬೆಂಕಿ ತಿನ್ನುವ ಒಲೆಯನ್ನು ಮಾತ್ರ ತಿರುಗಿ ನೋಡುವವರು ಕಡಿಮೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕು ಊರುಗಳನ್ನು ಸುತ್ತಿ ಬಂದರೆ ಒಲೆಯ ಬಗ್ಗೆ ಕಲಿಯಬೇಕಾದ ಪಾಠಗಳೆಲ್ಲ ದಾರಿಯಲ್ಲೇ ಸಿಗುತ್ತವೆ.

ಬೆಟ್ಟದಿಂದ ಇಳಿದ ಸೌದೆ

ಮೊದಲ ಪಾಠ ಸೌದೆಯದು. ಚಿಕ್ಕಬಳ್ಳಾಪುರದ ಸುತ್ತ ಸೌದೆ ಎಂದರೆ ಬಹುಮಟ್ಟಿಗೆ ನೀಲಗಿರಿ. ಈ ಮರಕ್ಕೂ ನಂದಿಬೆಟ್ಟಕ್ಕೂ ಹಳೆಯ ನಂಟು. ಭಾರತದಲ್ಲಿ ನೀಲಗಿರಿಯನ್ನು ಮೊದಲು ನೆಟ್ಟದ್ದು ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಇದೇ ಬೆಟ್ಟದ ಮೇಲೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಆಸ್ಟ್ರೇಲಿಯಾದ ಮರ ಬಯಲುಸೀಮೆಯ ಹೊಲಕ್ಕಿಳಿಯಿತು. ನೆಲದ ನೀರು ಹೀರುತ್ತದೆಂಬ ದೂರು ಬಲವಾದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರ ಇದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ನೀಲಗಿರಿಯಾಗಲಿ, ಜಾಲಿಯಾಗಲಿ, ಹಿಪ್ಪುನೇರಳೆ ಕಡ್ಡಿಯಾಗಲಿ, ಒಲೆಗೆ ಬೇಕಾದ್ದು ಒಣಗಿದ ಸೌದೆ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರಿರುತ್ತದೆ. ಹೈಸ್ಕೂಲಿನ ಮಕ್ಕಳು ಲೆಕ್ಕ ಹಾಕಿ ನೋಡಬಹುದು. 1 ಕಿಲೋ ಹಸಿ ಸೌದೆಯಲ್ಲಿ 500 ಗ್ರಾಂ ನೀರು. ಅದನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಪ್ರತಿ ಗ್ರಾಮಿಗೆ 75 ಕ್ಯಾಲೊರಿ, ಆಮೇಲೆ ಆವಿಯಾಗಿಸಲು 540 ಕ್ಯಾಲೊರಿ. ಒಟ್ಟು 3 ಲಕ್ಷ ಕ್ಯಾಲೊರಿಗೂ ಹೆಚ್ಚು! ಅಷ್ಟೇ ಶಾಖದಲ್ಲಿ 4 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತಿತ್ತು. ಅಮ್ಮ ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಿದ್ದರೆ, ಪಾತ್ರೆಗೆ ಹೋಗಬೇಕಾದ ಬೆಂಕಿ ಸೌದೆಯನ್ನು ಒಣಗಿಸುವುದರಲ್ಲೇ ತೀರಿಹೋಗುತ್ತಿದೆ ಎಂದರ್ಥ.

ಆದ್ದರಿಂದ ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಸೀಳಿಡಬೇಕು. ದಿಮ್ಮಿಯಾಗಿಟ್ಟರೆ ಒಳಗೆ ಒಣಗುವುದಿಲ್ಲ. ನೆಲಕ್ಕೆ ತಾಗದಂತೆ ಎರಡು ಕಲ್ಲಿನ ಮೇಲೆ, ಗಾಳಿಯಾಡುವಂತೆ ಸಂದು ಬಿಟ್ಟು ಒಟ್ಟಿ, ಮೇಲೆ ಮಾತ್ರ ಮರೆ ಮಾಡಬೇಕು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಟಣ್ ಎಂದರೆ ಒಣಗಿದೆ, ದಬ್ ಎಂದರೆ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿದ್ದರೂ ಒಣಗಿದ ಗುರುತೇ. ಸೌದೆ ಬೇಗ ಒಣಗಲಿ ಎಂದು ಉರಿಯುವ ಒಲೆಯ ಪಕ್ಕ ಜೋಡಿಸಿಡುವುದು, ಮೇಲಿನ ಅಟ್ಟಕ್ಕೆ ತುರುಕುವುದು ಎರಡೂ ಅಪಾಯ. ರಾತ್ರಿ ಒಂದು ಕಿಡಿ ಸಿಡಿದರೆ ಸಾಕು.

ಹೊಗೆಯನ್ನು ಪ್ರಶ್ನಿಸಿದರೆ

ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿಯ ಮೇಲೆ ಪಶ್ಚಿಮಕ್ಕೆ ಹೋದರೆ ಉತ್ತರ ಪಿನಾಕಿನಿಯ ದಡದ ಗೌರಿಬಿದನೂರು. ಈ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ (1920–2005). ಭೌತವಿಜ್ಞಾನ ಕಲಿತು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಅವರು, ಏನನ್ನೇ ಆಗಲಿ ಪ್ರಶ್ನಿಸಿ ನೋಡುವ ಅಭ್ಯಾಸವನ್ನು ಜೀವನವಿಡೀ ಹೇಳಿಕೊಟ್ಟರು. ಅವರ ಊರಿನ ದಾರಿಯಲ್ಲಿ ನಿಂತು ಒಂದು ಸಣ್ಣ ಪ್ರಶ್ನೆ ಕೇಳಬಹುದು: ಹೊಗೆ ಎಂದರೇನು?

ಸೌದೆ ಕಾದಾಗ ಮೊದಲು ಅದರೊಳಗಿನಿಂದ ಅನಿಲಗಳು ಹೊರಡುತ್ತವೆ. ನಾವು ಕಾಣುವ ಜ್ವಾಲೆ ಈ ಅನಿಲಗಳು ಉರಿಯುವುದರಿಂದ ಆದದ್ದು. ಒಣ ಸೌದೆಯ ತೂಕದ ಮುಕ್ಕಾಲು ಪಾಲಿನಷ್ಟು ಹೀಗೆ ಅನಿಲವಾಗಿ ಹೋಗುತ್ತದೆ, ಉಳಿದದ್ದು ಕೆಂಡ. ಸಾಕಷ್ಟು ಗಾಳಿಯೂ ಶಾಖವೂ ಸಿಕ್ಕಿದರೆ ಅನಿಲ ಪೂರ್ತಿ ಉರಿಯುತ್ತದೆ. ಸಿಗದಿದ್ದರೆ ಉರಿಯದೆ ಹೊರಟುಹೋಗುತ್ತದೆ, ಅದೇ ಹೊಗೆ. ಮೇಣದ ಬತ್ತಿಯನ್ನು ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಬೆಂಕಿಕಡ್ಡಿ ತೋರಿಸಿದರೆ ಬತ್ತಿ ಮತ್ತೆ ಹೊತ್ತಿಕೊಳ್ಳುವುದನ್ನು ದೊಡ್ಡವರ ಎದುರಿನಲ್ಲಿ ಮಕ್ಕಳು ಮಾಡಿ ನೋಡಬಹುದು. ಹೊಗೆ ಹೋಯಿತೆಂದರೆ ಸೌದೆಯೂ ದುಡ್ಡೂ ಹೋದಂತೆ.

ಅಷ್ಟಾದರೆ ನಷ್ಟವೆಂದು ಸುಮ್ಮನಿರಬಹುದಿತ್ತು. ಹೊಗೆಯ ನವಿರಾದ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಅಡುಗೆ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜೊತೆಗೆ ಇಂಗಾಲದ ಮಾನಾಕ್ಸೈಡ್ ಇದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆಯಿಲ್ಲದ ಕೆಂಡವೂ ಇದನ್ನು ಬಿಡುತ್ತದೆ. ಚಳಿಗೆಂದು ಕೆಂಡದ ಬಾಂಡಲಿಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದಿರುವುದು ಇದರಿಂದಲೇ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಹಂಡೆಯ ಒಲೆ ಉರಿಯುತ್ತಿರುವಾಗ ಸ್ನಾನ ಮಾಡುವುದೂ ಅಷ್ಟೇ ಅಪಾಯ. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಮೊದಲು ಬಯಲಿಗೆ ಬರಬೇಕು, ಆಮೇಲೆ ಆಸ್ಪತ್ರೆಗೆ ಹೋಗಬೇಕು.

ಈ ಹೊಗೆಯ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉತ್ತರ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗದ ಹಳ್ಳಿ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಸಾಲಾಗಿ ಮೂರು ಪಾತ್ರೆ, ಸೌದೆಯ ಕೆಳಗೆ ಗಾಳಿಗಾಗಿ ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸೇರುವುದೇ ಹೆಚ್ಚು. ಇದರಲ್ಲಿ ಅದರ ಹಲವು ಪಟ್ಟು ಸೇರುತ್ತಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಈ ಒಲೆಯನ್ನು ಊರೂರಿಗೆ ಒಯ್ದಿತು.

ಕೊಳವೆ ಹೊಗೆಯನ್ನು ಎಳೆಯುವುದು ಸರಳ ಭೌತವಿಜ್ಞಾನ. ಕಾದ ಗಾಳಿ ಹಗುರ, ಹೊರಗಿನ ಗಾಳಿ ಭಾರ. ಭಾರದ ಗಾಳಿ ಒಲೆಯ ಬಾಯಿಂದ ನುಗ್ಗಿ ಹಗುರದ್ದನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದರೆ ದಾರಿ ಕಿರಿದಾಗುತ್ತದೆ. ಹಸಿ ಸೌದೆ ಉರಿಸಿದರೆ ಡಾಂಬರಿನಂಥ ಅಂಟು ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಒಂದು ದಿನ ಅದಕ್ಕೇ ಬೆಂಕಿ ತಗುಲಿದರೆ ಕೊಳವೆ ಗುಡುಗಿದಂತೆ ಸದ್ದು ಮಾಡಿ ಮಾಡಿನವರೆಗೂ ಉರಿಯಬಹುದು. ಆಗ ಒಲೆಯ ಬಾಯನ್ನು ತಗಡಿನಿಂದ ಮುಚ್ಚಿ ಗಾಳಿ ತಪ್ಪಿಸಬೇಕು. ಕಾದ ಒಲೆಗೆ ನೀರು ಎರಚಿದರೆ ಆವಿ ಸಿಡಿದು ಮುಖ ಸುಡುತ್ತದೆ. ಎಲ್ಲರೂ ಹೊರಗೆ ಬಂದು 101ಕ್ಕೋ 112ಕ್ಕೋ ಫೋನ್ ಮಾಡಬೇಕು.

ನೂಲು ಕಲಿಸಿದ ಶಿಸ್ತು

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಮರಳಿ ಪೂರ್ವಕ್ಕೆ ರೈಲು ಹತ್ತಬಹುದು. ಕೋಲಾರದವರೆಗಿನ ಈ ಹಳೆಯ ಕಿರುಹಳಿ 2013ರಲ್ಲಿ ಅಗಲ ಹಳಿಯಾಯಿತು. ದಾರಿಯ ಶಿಡ್ಲಘಟ್ಟ ರೇಷ್ಮೆಯ ಊರು. ಗೂಡಿನ ಮಾರುಕಟ್ಟೆಯ ಸುತ್ತಲ ಬೀದಿಗಳಲ್ಲಿ ಮನೆಗೆ ಅಂಟಿಕೊಂಡೇ ನೂಲು ಬಿಚ್ಚುವ ಚರಕಗಳಿವೆ, ಕಾಟೇಜ್ ಬೇಸಿನ್‌ಗಳಿವೆ. ಎಲ್ಲೆಡೆ ಒಲೆ ಬೇಕು. ಗೂಡನ್ನು ಬಿಸಿನೀರಲ್ಲಿ ಬೇಯಿಸಿದರೆ ಮಾತ್ರ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಮೆದುವಾಗುತ್ತದೆ. ಕಡಿಮೆ ಬೆಂದರೆ ಎಳೆ ಕಡಿಯುತ್ತದೆ, ಹೆಚ್ಚು ಬೆಂದರೆ ಗೂಡು ಹಾಳಾಗಿ ಜಾಳು ಹೆಚ್ಚುತ್ತದೆ. ಉರಿ ಏರುಪೇರಾದರೆ ಅಂದಿನ ಸಂಪಾದನೆಗೇ ಏಟು.

ಆದ್ದರಿಂದ ಇಲ್ಲಿನ ಬಿಚ್ಚಾಣಿಕೆದಾರರಿಗೆ ಒಲೆ ಒಂದು ಯಂತ್ರ. ಬೂದಿ ತುಂಬಿದರೆ ಉರಿ ಕುಗ್ಗುತ್ತದೆಂದು ಕೆಲಸ ಶುರುವಾಗುವ ಮೊದಲೇ ಎಳೆದು ಹಾಕುತ್ತಾರೆ, ಬಿರುಕಿಗೆ ಮಣ್ಣು ಮೆತ್ತುತ್ತಾರೆ. ಬೆಂಗಳೂರಿನ ಟೈಡ್ ಸಂಸ್ಥೆ ಕಡಿಮೆ ಸೌದೆಯ ಬಿಚ್ಚಾಣಿಕೆ ಒಲೆಗಳನ್ನು ರೂಪಿಸಿ ಹರಡಿದ್ದೂ ಈ ಲೆಕ್ಕಾಚಾರ ಬಲ್ಲ ಜನರ ನಡುವೆಯೇ.

ಇದನ್ನು ಮನೆಯ ಒಲೆಗೆ ಹೋಲಿಸಿ ನೋಡಬೇಕು. 1980ರ ದಶಕದ ನಡುವೆ ಕೇಂದ್ರ ಸರ್ಕಾರ ಶುರುಮಾಡಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆಯಿತು. ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಕಟ್ಟಲಾಯಿತು. ಬಹಳಷ್ಟು ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ಕಟ್ಟುವವರಿಗೆ ಹಣವಿತ್ತು, ಕಾಪಾಡುವ ಏರ್ಪಾಡು ಇರಲಿಲ್ಲ. ಕೊಳವೆ ಕಟ್ಟಿತು, ಪಾತ್ರೆ ಕೂರುವ ಅಂಚು ಒಡೆಯಿತು, ಹೊಗೆ ಮತ್ತೆ ಅಡುಗೆಮನೆಗೇ ಬಂತು. ನಮ್ಮ ಸೀಮೆಯಲ್ಲಿ ಮುದ್ದೆ ತೊಳಸುವಾಗ ಪಾತ್ರೆಯನ್ನು ಒತ್ತಿಹಿಡಿದು ಕೋಲಿನಿಂದ ತಿರುವುತ್ತಾರೆ. ಆ ಭಾರಕ್ಕೆ ಮಣ್ಣಿನ ಅಂಚು ಬಲುಬೇಗ ಸವೆಯುತ್ತದೆ.

ಇನ್ನೊಂದು ಕಾರಣವೂ ಇದೆ. ಒಲೆ ಹೆಂಗಸರ ಪಾಲಿನದು, ಮಾಡು ಹತ್ತುವುದು ಗಂಡಸರ ಕೆಲಸ ಎಂಬುದು ಮನೆಗಳ ವಾಡಿಕೆ. ಕೊಳವೆ ಶುರುವಾಗುವುದು ಒಲೆಯಲ್ಲಿ, ಮುಗಿಯುವುದು ಮಾಡಿನ ಮೇಲೆ. ಹೀಗಾಗಿ ಅದು ಯಾರ ಕೆಲಸವೂ ಆಗಲಿಲ್ಲ! ಶಿಡ್ಲಘಟ್ಟದ ಚರಕದ ಒಲೆಯಿಂದ ದುಡ್ಡು ಬರುತ್ತದೆ, ಅದಕ್ಕೇ ಮನೆಮಂದಿಯೆಲ್ಲ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಅಡುಗೆಮನೆಯ ಒಲೆಯ ಹೊಗೆಯಿಂದ ಅಮ್ಮನ ಕೆಮ್ಮು ಬರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.

ಹೊಟ್ಟು, ಸಿಪ್ಪೆ, ಬೂದಿ

ಮುಂದಿನ ದೊಡ್ಡ ನಿಲ್ದಾಣ ಚಿಂತಾಮಣಿ. ಕೈವಾರದ ಬೆಟ್ಟ, ಅಂಬಾಜಿದುರ್ಗದ ಬಂಡೆಗಳ ನಡುವಿನ ವ್ಯಾಪಾರದ ಊರು. ಇಲ್ಲಿ ಸೌದೆಯ ಜೊತೆ ಕಡಲೆಕಾಯಿ ಸಿಪ್ಪೆ, ಸಾಮಿಲ್‌ನ ಮರದ ಹೊಟ್ಟು ಕೂಡ ಇಂಧನ. ತಗಡಿನ ಡಬ್ಬದಲ್ಲಿ ನಡುವೆ ಒನಕೆ ನಿಲ್ಲಿಸಿ ಸುತ್ತ ಹೊಟ್ಟು ಗಿಡಿದು, ಒನಕೆ ಎಳೆದು ಹೊತ್ತಿಸುವ ಹೊಟ್ಟಿನೊಲೆ ಗಂಟೆಗಟ್ಟಲೆ ಉರಿಯುತ್ತದೆ. ಇದನ್ನು ಬಯಲಲ್ಲೋ ಹಿತ್ತಿಲಲ್ಲೋ ಇಡಬೇಕು. ಕುಮುಟುವ ಹೊಟ್ಟು ಮಾನಾಕ್ಸೈಡ್ ಉಗುಳುತ್ತದೆ. ಉರಿಯುವಾಗ ಮೇಲಿಂದ ಒಣಪುಡಿ ಎರಚಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರ ತನ್ನ ಗೋಡಂಬಿ ತಳಿಗೂ ಹೆಸರಾದದ್ದು. ಗೋಡಂಬಿ ಬೆಳೆದವರು ನೆನಪಿಡಬೇಕಾದ ಮಾತೊಂದಿದೆ: ಅದರ ಗಟ್ಟಿ ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆಯಿದೆ. ಮನೆಯೊಲೆಗೆ ಹಾಕಿದರೆ ಅದರ ಹೊಗೆ ಕಣ್ಣು, ಗಂಟಲನ್ನು ಸುಡುತ್ತದೆ. ಪ್ಲಾಸ್ಟಿಕ್ ಕವರ್, ಹಳೆಯ ಟೈರು, ಬಣ್ಣ ಬಳಿದ ಮರ ಇವೂ ಒಲೆಗೆ ಸಲ್ಲ. ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹೊತ್ತಿಸುವುದಂತೂ ಬೇಡವೇ ಬೇಡ. ಒಣಗಿದ ತೆಂಗಿನ ಗರಿ, ಸಣ್ಣ ಪುರಳೆ ಸಾಕು.

ಉರಿದದ್ದರ ಕೊನೆ ಬೂದಿ. ಪಾತ್ರೆ ತಿಕ್ಕಲೂ ಗಿಡಕ್ಕೂ ಒಳ್ಳೆಯದೇ. ಆದರೆ ಮೇಲೆ ತಣ್ಣಗೆ ಕಂಡ ಬೂದಿಯೊಳಗೆ ಕೆಂಡ ಒಂದು ದಿನಕ್ಕೂ ಮೀರಿ ಜೀವ ಹಿಡಿದಿರುತ್ತದೆ. ಅದನ್ನು ತಿಪ್ಪೆಗೆ ಸುರಿದು ಬಂದ ಮೇಲೆ ಗಾಳಿಯೆದ್ದರೆ ಪಕ್ಕದ ಹುಲ್ಲಿನ ಬಣವೆಯೇ ಹೋದೀತು. ಬೂದಿಯನ್ನು ತಗಡಿನ ಡಬ್ಬದಲ್ಲಿ ಮುಚ್ಚಿಟ್ಟು, ಎರಡು ದಿನ ಬಿಟ್ಟು, ನೀರು ಚಿಮುಕಿಸಿ ಹೊರಹಾಕುವುದು ಮೇಲು.

ಅಮಾವಾಸ್ಯೆಯ ಕೆಲಸ

ಈ ನಾಲ್ಕು ಊರುಗಳ ಪಾಠವನ್ನು ಮನೆಗೆ ತಂದರೆ ಕೆಲಸ ದೊಡ್ಡದೇನಲ್ಲ. ದಿನವೂ ಹೊತ್ತಿಸುವ ಮೊದಲು ತಣ್ಣಗಿನ ಬೂದಿ ಎಳೆಯಬೇಕು. ವಾರಕ್ಕೊಮ್ಮೆ ಒಲೆಯ ಬಿರುಕಿಗೆ, ಪಾತ್ರೆಯ ಅಂಚಿನ ಸಂದಿಗೆ ಮಣ್ಣು ಮೆತ್ತಿ ಸಾರಿಸಬೇಕು. ಒಲೆ ಉರಿಯುವಾಗ ಹೊತ್ತಿಸಿದ ಊದಿನಕಡ್ಡಿಯನ್ನು ಅದರ ಬಾಯಿಯ ಬಳಿ ಹಿಡಿದು ನೋಡಬೇಕು. ಕಡ್ಡಿಯ ಹೊಗೆ ಒಳಕ್ಕೆ ಬಾಗಿದರೆ ಕೊಳವೆ ಸರಿಯಿದೆ, ಹೊರಕ್ಕೆ ಬಂದರೆ ಕಟ್ಟಿಕೊಂಡಿದೆ.

ತಿಂಗಳಿಗೊಮ್ಮೆ, ಮರೆಯದಂತೆ ಅಮಾವಾಸ್ಯೆಯ ದಿನವೆಂದೇ ಇಟ್ಟುಕೊಂಡು, ಒಲೆ ಪೂರ್ತಿ ಆರಿದ ಮೇಲೆ ಕೊಳವೆ ತೆಗೆಯುವಂತಿದ್ದರೆ ಇಳಿಸಬೇಕು. ಹಗ್ಗಕ್ಕೆ ಗೋಣಿಬಟ್ಟೆಯ ಉಂಡೆ ಕಟ್ಟಿ, ಒಳಗೆ ಎಳೆದಾಡಿ ಮಸಿ ಉದುರಿಸಬೇಕು. ಮೂಗು, ಬಾಯಿಗೆ ಬಟ್ಟೆ ಇರಲಿ. ಆಸ್ಬೆಸ್ಟಾಸ್ ಕೊಳವೆಯಾದರೆ ಒಣಗಿದ್ದಾಗ ಉಜ್ಜಬಾರದು, ಕತ್ತರಿಸಬಾರದು, ಬಟ್ಟೆಯನ್ನು ಒದ್ದೆ ಮಾಡಿಕೊಳ್ಳಬೇಕು. ಅದು ಒಡೆದಿದ್ದರೆ ಬದಲಿಸುವುದೇ ಸರಿ. ಅಡುಗೆಮನೆಯ ಮಾಡಿನಿಂದ ಇಳಿಬಿದ್ದ ಇಲ್ಲಣವನ್ನೂ ಅದೇ ದಿನ ಹೊಡೆದು ಹಾಕಿದರಾಯಿತು, ಅದೂ ಹೊತ್ತಿಕೊಳ್ಳುವ ವಸ್ತುವೇ.

ಒಲೆಯ ಮುಂದೆ ಎರಡು ಬಿಂದಿಗೆ ನೀರು, ಒಂದು ಬಾಂಡಲಿ ಮರಳು ಸದಾ ಇರಲಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ, ಅಂಬೆಗಾಲಿಡುವ ಮಗು ಹೊಸಿಲಾಚೆ ಇರಲಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಶಾಯಿ, ಪೇಸ್ಟು ಹಚ್ಚದೆ ವೈದ್ಯರಲ್ಲಿಗೆ ಹೋಗಬೇಕು.

ಮಾಡು ಹತ್ತುವುದು ದೊಡ್ಡವರ ಕೆಲಸ, ಅಪ್ಪನೇ ಹತ್ತಲಿ. ಹೈಸ್ಕೂಲಿನ ಮಗನೋ ಮಗಳೋ ಕೆಳಗೆ ಹಗ್ಗ ಹಿಡಿಯಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಮನೆಗಳಲ್ಲಿ ಅಮಾವಾಸ್ಯೆಯ ಚೌಕದೊಳಗೆ 'ಕೊಳವೆ' ಎಂದು ಒಂದು ಪದ ಬರೆದಿಡುವುದು ಕಷ್ಟವಾಗಲಾರದು.